ಕೊನೆ ಕತ್ತರಿಸಿದ ವಿಡಿಯೊ



ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯದಲ್ಲಿ ಸಂತ ಲೂಕರು ಅಥೆನ್ಸ್ ಪಟ್ಟಣದವರ ಬಗ್ಗೆ ಒಂದು ಮಾತು ಹೇಳುತ್ತಾರೆ (ವಚನ 21). ಅಲ್ಲಿನ ಜನರಿಗೂ, ಅಲ್ಲಿಗೆ ಬಂದು ನೆಲೆಸಿದ ಪರಸ್ಥಳದವರಿಗೂ ದಿನಬೆಳಗಾದರೆ ಒಂದೇ ಕೆಲಸವಂತೆ: ಹೊಸ ಸುದ್ದಿ ಕೇಳುವುದು, ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದು. ಇದನ್ನು ಬರೆಯುವಾಗ ಲೂಕರು ಸ್ವಲ್ಪ ನಕ್ಕಿರಬೇಕು ಎಂದು ನನಗೆ ಅನ್ನಿಸುತ್ತದೆ.

ಇವತ್ತು ಜತ್ತ ಸ್ಟ್ಯಾಂಡಿನಲ್ಲಿ ಎಸ್‌ಟಿ ಕಾಯುವವರನ್ನು ನೋಡಿದರೂ, ನಮ್ಮ ಯಳವಿಯಲ್ಲಿ ಸಂಜೆ ಕಟ್ಟೆಯ ಮೇಲೆ ಕೂತವರನ್ನು ನೋಡಿದರೂ ಅಥೆನ್ಸೇ ನೆನಪಾಗುತ್ತದೆ. ಮೊದಲು "ಏನ್ರಿ ಕಾಕಾ, ಏನ್ ಹೊಸಾದು?" ಅಂತ ಬಾಯಿಬಿಟ್ಟು ಕೇಳುತ್ತಿದ್ದರು. ಈಗ ಫೋನನ್ನೇ ಮುಂದೆ ಹಿಡಿದು "ಇದೊಂದು ನೋಡ್ರಿ" ಅನ್ನುತ್ತಾರೆ. ಮಂಗ ಬಂದು ಅಂಗಡಿಯ ಗಲ್ಲಾದ ಮೇಲೆ ಕೂತಿದ್ದು, ಮದುವೆಯಲ್ಲಿ ಮದುಮಗ ಹಾರ ಹಾಕಲು ಹೋಗಿ ಜಾರಿದ್ದು, ಯಾರದೋ ಕೋಳಿ ಪೊಲೀಸ್ ಜೀಪಿನಲ್ಲಿ ಮೊಟ್ಟೆ ಇಟ್ಟಿದ್ದು. ನಗುತ್ತೇವೆ, ಮುಂದಕ್ಕೆ ಕಳಿಸುತ್ತೇವೆ. ಬೆಳಗಿನ ಶುಭಾಶಯದ ಜೊತೆಗೇ ಇಂಥ ನಾಲ್ಕು ಬಂದು ಬಿದ್ದಿರುತ್ತವೆ.

ಸಂತ ಪೌಲರು ಅಥೆನ್ಸಿನವರನ್ನು ಇದಕ್ಕಾಗಿ ಬೈಯಲಿಲ್ಲ. ಅವರು ಊರೆಲ್ಲಾ ತಿರುಗಾಡಿ ಒಂದೊಂದು ಪೂಜಾಸ್ಥಳವನ್ನೂ ಗಮನಿಸಿ ನೋಡಿದರು. ಯಾರಿಗೂ ಗೊತ್ತಿಲ್ಲದ ದೇವರಿಗೆ ಎಂದು ಬರೆದಿದ್ದ ಒಂದು ಪೀಠ ಅವರ ಕಣ್ಣಿಗೆ ಬಿತ್ತು. ಅಲ್ಲಿಂದಲೇ ಮಾತು ಶುರುಮಾಡಿದರು. ಕುತೂಹಲ ದೇವರು ಕೊಟ್ಟದ್ದು. ಅದು ಇಲ್ಲದಿದ್ದರೆ ನಾನು ಬಿಎಸ್ಸಿ ಮಾಡುತ್ತಲೇ ಇರಲಿಲ್ಲ.

ನಗುವುದೂ ತಪ್ಪಲ್ಲ. ಕೆಲವರು ನಗುವೇ ಪಾಪ ಎಂಬಂತೆ ಮುಖ ಮಾಡಿಕೊಂಡು ದೇವಾಲಯಕ್ಕೆ ಬರುತ್ತಾರೆ. 16ನೇ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ಸಂತ ಫಿಲಿಪ್ ನೇರಿಯವರು ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಗೆ ಬಂದವರು. ತಮ್ಮನ್ನು ಜನ ಸಂತ ಸಂತ ಎಂದು ಹೊಗಳುವುದು ಬೇಡ, ನಗಲಿ ಎಂದು. ನಮ್ಮ ಕಾಲದವರೇ ಆದ ಕಾರ್ಲೊ ಅಕ್ಯುಟಿಸ್ 2006ರಲ್ಲಿ 15ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವರನ್ನು ಸಂತರೆಂದು ಘೋಷಿಸಿದರು. ಪರಮಪ್ರಸಾದದ ಅದ್ಭುತಗಳನ್ನು ಒಟ್ಟುಗೂಡಿಸಿ ವೆಬ್‌ಸೈಟಿನಲ್ಲಿ ಹಾಕಿದ್ದು ಎಲ್ಲರಿಗೂ ಗೊತ್ತು. ಅದೇ ಹುಡುಗ ಮನೆಯ ನಾಯಿ ಬೆಕ್ಕುಗಳನ್ನು ಹೀರೋ ಮಾಡಿ ತಮಾಷೆಯ ವಿಡಿಯೊಗಳನ್ನೂ ಮಾಡುತ್ತಿದ್ದರು. ಈ ಇಬ್ಬರಲ್ಲೂ ಒಂದು ವಿಷಯ ಗಮನಿಸಿ. ಒಬ್ಬರು ತಮ್ಮ ಗಡ್ಡವನ್ನೇ ನಗೆಗೆ ಕೊಟ್ಟರು, ಇನ್ನೊಬ್ಬರು ತಮ್ಮ ಮನೆಯ ನಾಯಿಯನ್ನು. ಬೇರೆ ಯಾರ ಮಾನವೂ ಅದರಲ್ಲಿ ಖರ್ಚಾಗಲಿಲ್ಲ.

ಈಗ ನಾವು ನೋಡಿದ ಕೆಲವು ಸುದ್ದಿಗಳಿಗೆ ಬರೋಣ.

2023ರ ಮಾರ್ಚ್ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರು ಉಬ್ಬಿದ ಬಿಳಿ ಜಾಕೆಟ್ ಹಾಕಿಕೊಂಡು ನಡೆದು ಬರುವ ಚಿತ್ರ ಜಗತ್ತೆಲ್ಲಾ ಓಡಾಡಿತು. ನಮ್ಮ ಗುಂಪುಗಳಲ್ಲೂ ಬಂತು. ಅದು ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರ. ಕೈಬೆರಳುಗಳನ್ನು ಹಿಗ್ಗಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು, ಯಾರು ಹಿಗ್ಗಿಸಿ ನೋಡುತ್ತಾರೆ? ಕೆಲವೇ ದಿನಗಳಲ್ಲಿ ಆ 86 ವರ್ಷದ ಹಿರಿಯರು ಉಸಿರಾಟದ ತೊಂದರೆಯಿಂದ ನಿಜವಾಗಿಯೂ ಆಸ್ಪತ್ರೆ ಸೇರಿದರು. ಮುಂದೆ 2024ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ ಸುಳ್ಳು ಚಿತ್ರಗಳ ಬಗ್ಗೆ ಬರೆಯುತ್ತಾ, ತಾವೂ ಇದಕ್ಕೆ ಗುರಿಯಾದವರೇ ಎಂದು ಪೋಪರು ಸುಮ್ಮನೆ ಒಂದು ಮಾತು ಸೇರಿಸಿದರು. ಇದರಲ್ಲಿ ಯಾರಿಗೂ ಪೆಟ್ಟಾಗಲಿಲ್ಲ ಅನ್ನಿ.

ಕಂಬಳದ ಶ್ರೀನಿವಾಸ ಗೌಡರ ಸುದ್ದಿ ನೆನಪಿದೆಯಲ್ಲ? 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದಲ್ಲಿ ಅವರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ, 100 ಮೀಟರಿಗೆ 9.55 ಸೆಕೆಂಡ್ ಆಯಿತು, ಉಸೇನ್ ಬೋಲ್ಟ್ ದಾಖಲೆ 9.58, ಮುಗಿಯಿತು ಎಂದು ಬರೆದರು. ಗುಣಾಕಾರ ಭಾಗಾಕಾರ ಸರಿಯಾಗೇ ಇದೆ. ಆದರೆ ಮುಂದೆ ಎರಡು ಕೋಣ ಎಳೆಯುತ್ತಿವೆ ಎಂಬುದನ್ನು ಲೆಕ್ಕದವರು ಬಿಟ್ಟರು. ಕೇಂದ್ರ ಸಚಿವರು ಟ್ರಯಲ್ಸಿಗೆ ಕರೆದರು. ದೇಶವೆಲ್ಲಾ ಒಲಿಂಪಿಕ್ಸ್ ಕನಸು ಕಂಡಿತು. ಗೌಡರು ಮಾತ್ರ, ನನ್ನನ್ನು ಬೋಲ್ಟ್ ಜೊತೆ ಹೋಲಿಸಬೇಡಿ, ನಾನು ಕೆಸರುಗದ್ದೆಯಲ್ಲಿ ಓಡುವವನು ಎಂಬ ಅರ್ಥದ ಮಾತು ಹೇಳಿ ಟ್ರಯಲ್ಸಿಗೆ ಹೋಗದೆ ಕಂಬಳಕ್ಕೇ ಮರಳಿದರು. ಆ ಇಡೀ ಗದ್ದಲದಲ್ಲಿ ಪೂರ್ತಿ ಕಥೆ ಗೊತ್ತಿದ್ದವರು ಅವರೊಬ್ಬರೇ ಇರಬೇಕು.

ನಾನು ಹೇಳಬೇಕೆಂದಿರುವುದು ಈ ಬಿಟ್ಟುಹೋದ ಕೋಣಗಳ ಬಗ್ಗೆಯೇ. ಪ್ರಯೋಗಾಲಯದಲ್ಲಿ ನಮಗೆ ಒಂದೇ ರೀಡಿಂಗ್ ತೆಗೆದುಕೊಂಡು ಉತ್ತರ ಬರೆಯಲು ಬಿಡುತ್ತಿರಲಿಲ್ಲ. ಮೂರು ಸಲ ತೆಗೆಯಬೇಕಿತ್ತು. ಫೋನಿನಲ್ಲಿ ಬರುವ ಮೂವತ್ತು ಸೆಕೆಂಡಿನ ವಿಡಿಯೊ ಒಂದೇ ರೀಡಿಂಗ್. ಅದರ ಹಿಂದೆ ಒಂದು ಮೊದಲು ಇದೆ, ಮುಂದೆ ಒಂದು ಆಮೇಲೆ ಇದೆ. ಅವೆರಡನ್ನೂ ಯಾರೋ ಕತ್ತರಿಸಿದ್ದಾರೆ.

ಮತ್ತೆ ಸಂತ ಪೌಲರ ಹತ್ತಿರ ಹೋಗೋಣ. ಪ್ರೇಷಿತರ ಕಾರ್ಯಕಲಾಪಗಳ 28ನೇ ಅಧ್ಯಾಯ. ಪೌಲರನ್ನು ಕೈದಿಯಾಗಿ ರೋಮಿಗೆ ಒಯ್ಯುತ್ತಿದ್ದ ಹಡಗು ಒಡೆದುಹೋಗಿದೆ. ಅದರಲ್ಲಿದ್ದ 276 ಜನರೂ ಮಾಲ್ಟಾ ದ್ವೀಪದ ದಡ ಸೇರಿದ್ದಾರೆ. ಮಳೆ, ಚಳಿ. ದ್ವೀಪದವರು ಭಾಷೆ ಗೊತ್ತಿಲ್ಲದ, ಒದ್ದೆಯಾಗಿ ನಡುಗುತ್ತಿರುವ ಈ ಅಪರಿಚಿತರಿಗೆ ಬೆಂಕಿ ಹೊತ್ತಿಸಿ ಕೊಡುತ್ತಾರೆ. ಎಂಥ ಒಳ್ಳೆಯ ಜನ! ಪೌಲರೂ ಸುಮ್ಮನೆ ಕೂರದೆ ಪುಳ್ಳೆ ಆರಿಸಿ ತಂದು ಬೆಂಕಿಗೆ ಹಾಕುತ್ತಾರೆ. ಪುಳ್ಳೆಯೊಳಗಿದ್ದ ಹಾವು ಬಿಸಿಗೆ ಹೊರಗೆ ಬಂದು ಅವರ ಕೈಗೆ ಸುತ್ತಿಕೊಳ್ಳುತ್ತದೆ.

ಅದೇ ಒಳ್ಳೆಯ ಜನ ಆಗ ಏನಂದರು? ಇವನು ಕೊಲೆಗಾರ ಇರಬೇಕು, ಸಮುದ್ರದಿಂದ ಪಾರಾದರೂ ದೈವದ ನ್ಯಾಯ ಬಿಡಲಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಪೌಲರು ಹಾವನ್ನು ಬೆಂಕಿಗೆ ಝಾಡಿಸಿದರು. ಈಗ ಬಾವು ಬರುತ್ತದೆ, ಈಗ ಬೀಳುತ್ತಾನೆ ಎಂದು ಜನ ಬಹಳ ಹೊತ್ತು ಕಾದರು. ಏನೂ ಆಗಲಿಲ್ಲ. ಕೂಡಲೇ ಅಭಿಪ್ರಾಯ ಬದಲಾಯಿತು: ಇವನು ದೇವರು!

ನಾಲ್ಕನೇ ವಚನಕ್ಕೆ ವಿಡಿಯೊ ಕತ್ತರಿಸಿದರೆ ಪೌಲರು ಕೊಲೆಗಾರ. ಆರನೇ ವಚನಕ್ಕೆ ಕತ್ತರಿಸಿದರೆ ದೇವರು. ಎರಡೂ ಸುಳ್ಳು. ಅವರು ಪುಳ್ಳೆ ಆರಿಸಲು ಹೋದ ಒಬ್ಬ ಮನುಷ್ಯ, ಅಷ್ಟೇ. ಅವರು ಯಾರು ಎಂದು ತಿಳಿಯಲು ಎಂಟನೇ ವಚನದ ತನಕ ಹೋಗಬೇಕು. ಅಲ್ಲಿ ಅವರು ಜ್ವರ, ಆಮಶಂಕೆಯಿಂದ ಮಲಗಿದ್ದ ಒಬ್ಬ ತಂದೆಯ ಪಕ್ಕದಲ್ಲಿ ನಿಂತು ಪ್ರಾರ್ಥಿಸುತ್ತಾರೆ. ಇನ್ನೊಂದು ಮಾತು. ಮಾಲ್ಟಾದವರು ಮನಸ್ಸಿನಲ್ಲಿ ಕೊಲೆಗಾರ ಎಂದುಕೊಂಡರೂ ಕಲ್ಲು ಎತ್ತಿಕೊಳ್ಳಲಿಲ್ಲ. ಕಾದರು. ಆ ಕಾದ ಹೊತ್ತೇ ಪೌಲರನ್ನು ಉಳಿಸಿತು, ಅವರನ್ನೂ ಉಳಿಸಿತು.

2022ರ ಸೆಪ್ಟೆಂಬರ್ 13ರಂದು ನಮ್ಮದೇ ಜತ್ತ ತಾಲೂಕಿನ ಲವಂಗಾ ಗ್ರಾಮದಲ್ಲಿ ಯಾರೂ ಕಾಯಲಿಲ್ಲ. ಉತ್ತರ ಪ್ರದೇಶದ ನಾಲ್ವರು ಸಾಧುಗಳು ಬಿಜಾಪುರದ ಕಡೆಯಿಂದ ಪಂಢರಪುರಕ್ಕೆ ಕಾರಿನಲ್ಲಿ ಹೊರಟಿದ್ದರು. ದಾರಿ ಗೊತ್ತಾಗದೆ ಒಬ್ಬ ಹುಡುಗನನ್ನು ಕೇಳಿದರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಫೋನಿಂದ ಫೋನಿಗೆ ಹಾರುತ್ತಿತ್ತು. ಅಷ್ಟೇ ಸಾಕಾಯಿತು. ಕಾರಿನಿಂದ ಎಳೆದು ಬಡಿಗೆ, ಬೆಲ್ಟುಗಳಿಂದ ಹೊಡೆದರು. ಪೊಲೀಸರು ಬಂದು ವಿಚಾರಿಸಿದಾಗ ಅವರು ಮಥುರೆಯ ಅಖಾಡದ ನಿಜವಾದ ಸಾಧುಗಳೆಂದು ಗೊತ್ತಾಯಿತು. ಸಾಧುಗಳು ದೂರು ಕೊಡಲು ಬಯಸಲಿಲ್ಲ. ಪೊಲೀಸರೇ ಮೊಕದ್ದಮೆ ಹಾಕಿ ಕೆಲವರನ್ನು ಬಂಧಿಸಿದರು.

ಹೊಡೆಯುವಾಗ ಒಬ್ಬರು ವಿಡಿಯೊ ಮಾಡುತ್ತಿದ್ದರು. ಅದು ಒಂದೇ ದಿನದಲ್ಲಿ ದೇಶವೆಲ್ಲಾ ಸುತ್ತಿತು. ಒಂದು ಫಾರ್ವರ್ಡ್‌ನಿಂದ ಹುಟ್ಟಿದ ಹೊಡೆತ ಇನ್ನೊಂದು ಫಾರ್ವರ್ಡ್ ಆಯಿತು. "ಜತ್ತ" ಎಂಬ ಹೆಸರು ದಾಳಿಂಬೆಗಾಗಿ ಅಲ್ಲ, ನೀರಿಲ್ಲದ ನಮ್ಮ ಕಷ್ಟಕ್ಕಾಗಿಯೂ ಅಲ್ಲ, ಇದಕ್ಕಾಗಿ ದಿಲ್ಲಿಯ ಟಿವಿಗಳಲ್ಲಿ ಬಂತು. ಇಲ್ಲಿ ಇನ್ನೊಂದನ್ನೂ ಹೇಳಬೇಕು. ಲವಂಗಾದ ಜನ ಕೆಟ್ಟವರು ಎಂದು ಆ ವಿಡಿಯೊ ನೋಡಿ ತೀರ್ಮಾನಿಸಿದವರು ಮಾಡಿದ್ದೂ ಅದೇ ಕೆಲಸ. ಇಡೀ ಊರು ಆ ವಿಡಿಯೊದಲ್ಲಿ ಇರಲಿಲ್ಲ.

ಅದಕ್ಕಿಂತ ನಾಲ್ಕು ವರ್ಷ ಮೊದಲು ಇನ್ನೂ ಘೋರವಾದದ್ದು ನಡೆಯಿತು. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಸಂತೆಯ ದಿನ ಐವರನ್ನು ಮಕ್ಕಳ ಕಳ್ಳರೆಂದು ಗ್ರಾಮ ಪಂಚಾಯತಿ ಕಚೇರಿಯೊಳಗೆ ಕೂಡಿಹಾಕಿ ಬಡಿದು ಕೊಂದರು. ಅವರು ನಾಥಪಂಥಿ ಡವರಿ ಗೋಸಾವಿ ಸಮುದಾಯದವರು, ಊರೂರು ತಿರುಗಿ ಭಿಕ್ಷೆ ಬೇಡಿ ಬದುಕುವವರು. ಹೆಚ್ಚಿನವರು ಪಕ್ಕದ ಮಂಗಳವೇಢೆ ತಾಲೂಕಿನವರು. ಅಂದರೆ ನಮ್ಮ ಕಡೆಯವರು. ಎರಡೇ ವಾರಗಳಲ್ಲಿ, ಜುಲೈ 13ರಂದು, ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಎಂಜಿನಿಯರ್ ಇದೇ ಗುಮಾನಿಗೆ ಪ್ರಾಣ ಕಳೆದುಕೊಂಡರು. ಅವರೂ ಗೆಳೆಯರೂ ಮಾಡಿದ್ದು ಇಷ್ಟೇ: ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕಲೇಟ್ ಕೊಟ್ಟರು.

ಚಾಕಲೇಟ್! ಕ್ರಿಸ್‌ಮಸ್ ಬಂದರೆ ನಾವು ರಾತ್ರಿ ಹೊತ್ತು ಕ್ಯಾರಲ್ ಹಾಡುತ್ತಾ ಊರೂರು ಹೋಗಿ ಮಕ್ಕಳಿಗೆ ಅದನ್ನೇ ಹಂಚುತ್ತೇವಲ್ಲ. ನಮ್ಮ ತಾಲೂಕಿನ ಎಷ್ಟೋ ಕುಟುಂಬಗಳು ಕಬ್ಬು ಕಡಿಯುವ ಗ್ಯಾಂಗಿನಲ್ಲಿ ವರ್ಷಕ್ಕೆ ಹಲವು ತಿಂಗಳು ಬೇರೆ ಊರಿನ ಹೊಲಗಳ ಬದಿಯಲ್ಲಿ ಗುಡಿಸಲು ಹಾಕಿಕೊಂಡು ಇರುತ್ತವೆ. ಅಲ್ಲಿ ಅಪರಿಚಿತರು ನಾವೇ.

ಆ ವರ್ಷ ದೇಶವೆಲ್ಲಾ ಹರಿದಾಡಿದ ಒಂದು ವಿಡಿಯೊ ಇತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ, ಬೈಕಿನಲ್ಲಿ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದ ತಾಯಂದಿರಿಗೆ ಎದೆ ಒಡೆಯದೆ ಇದ್ದೀತೇ? ಆದರೆ ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ಕೆಲಸ ಮಾಡುವ ಸಂಸ್ಥೆಯೊಂದಕ್ಕಾಗಿ ನಟರಿಂದ ಮಾಡಿಸಿದ ಜಾಗೃತಿ ಚಿತ್ರ. ಅದರ ಕೊನೆಯಲ್ಲಿ ಅದೇ ಇಬ್ಬರು ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ, ಮಗು ಕದಿಯಲು ಒಂದು ಕ್ಷಣ ಸಾಕು, ಎಚ್ಚರ ಎಂಬ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹರಿಬಿಟ್ಟರು. ಮಕ್ಕಳನ್ನು ಉಳಿಸಲು ಮಾಡಿದ ಚಿತ್ರ ಹೀಗೆ ಮನುಷ್ಯರನ್ನು ಕೊಲ್ಲುವ ವದಂತಿಗೆ ಸೌದೆಯಾಯಿತು.

ಆ ಕೊಲೆಗಳ ನಂತರವೇ, 2018ರ ಜುಲೈಯಲ್ಲಿ, ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹಾಕಿತು. 2020ರ ಏಪ್ರಿಲಿನಲ್ಲಿ, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಎಂದು ಮಾಡಿದರು. ಎರಡು ಬಾಣದ ಗುರುತು ಬರುತ್ತದಲ್ಲ, ಅದೇ. ಆ ಗುರುತನ್ನು ಎಷ್ಟೋ ಜನ ಇದು ಪ್ರಸಿದ್ಧ ವಿಡಿಯೊ ಎಂದು ತಿಳಿದಿದ್ದಾರೆ. ಇದು ಎಷ್ಟೋ ಕೈ ದಾಟಿ ಬಂದದ್ದು, ಮೂಲ ಕಾಣುವುದಿಲ್ಲ ಎಂಬ ಎಚ್ಚರಿಕೆ ಅದು.

ಕೋಳಿಯ ವಿಡಿಯೊಗೂ ಕೊಲೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹೆಬ್ಬೆರಳಿನದು. ದಿನಕ್ಕೆ ಮೂವತ್ತು ಸಲ ಪೂರ್ತಿ ನೋಡದೆ, ಎಲ್ಲಿಯದು ಎಂದು ಕೇಳದೆ, "ಭಾರಿ ಐತಿ" ಅಂತ ಒತ್ತಿ ಅಭ್ಯಾಸವಾದ ಬೆರಳು ಮೂವತ್ತೊಂದನೆಯ ಸಲ ಮಕ್ಕಳ ಕಳ್ಳನ ಫೋಟೊ ಬಂದಾಗ ನಿಲ್ಲುವುದಿಲ್ಲ. ಅಭ್ಯಾಸ ಮಾಡಬೇಕಾದದ್ದು ಕೋಳಿಯ ಹತ್ತಿರವೇ.

ನಮ್ಮ ತಮಾಷೆಗಳಲ್ಲಿ ಇನ್ನೊಂದು ಜಾತಿ ಇದೆ, ಅದರ ಬಗ್ಗೆ ನನಗೆ ಹೆಚ್ಚು ಬೇಸರ. ಅವು ಸುಳ್ಳಲ್ಲ, ನಿಜ. ಕುಡಿದು ಚರಂಡಿ ಪಕ್ಕ ಬಿದ್ದವನು. ಬ್ಯಾಂಕಿನಲ್ಲಿ ಚೀಟಿ ತುಂಬಲು ಬಾರದೆ ತಡವರಿಸುವ ಅಜ್ಜಿ. ಗಂಡ ಹೆಂಡತಿಯ ಜಗಳ. ಎಂಟನೆಯ ಆಜ್ಞೆ ಎಂದರೆ ಸುಳ್ಳು ಹೇಳಬಾರದು ಎಂದಷ್ಟೇ ಧರ್ಮೋಪದೇಶದಲ್ಲಿ ಕಲಿತು ಬಿಟ್ಟಿರುತ್ತೇವೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (2477) ಮೂರು ಪಾಪಗಳನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ಮನಸ್ಸಿನಲ್ಲೇ ನಿಜವೆಂದು ಒಪ್ಪಿಕೊಳ್ಳುವುದು ಒಂದು. ಸುಳ್ಳು ಹೇಳಿ ಅವನ ಹೆಸರು ಕೆಡಿಸುವುದು ಇನ್ನೊಂದು. ಇವೆರಡರ ನಡುವೆ ಇರುವುದೇ ನಾವು ಮರೆಯುವ ಪಾಪ: ಒಬ್ಬರಲ್ಲಿ ನಿಜವಾಗಿಯೂ ಇರುವ ಕೊರತೆಯನ್ನು ಸರಿಯಾದ ಕಾರಣವಿಲ್ಲದೆ, ಗೊತ್ತಿಲ್ಲದವರಿಗೆ ತೋರಿಸುವುದು. ಚರಂಡಿ ಪಕ್ಕ ಬಿದ್ದವನಿಗೆ ಶಾಲೆಗೆ ಹೋಗುವ ಮಗಳು ಇರುತ್ತಾಳೆ. ಅವಳ ತರಗತಿಯ ಗುಂಪಿಗೂ ಆ ವಿಡಿಯೊ ತಲುಪುತ್ತದೆ. ಅಲ್ಲಿ ಕೊನೆ ಕತ್ತರಿಸಿದ್ದು ಏನು? ಅವನನ್ನು ಯಾರು ಎತ್ತಿದರು, ಯಾರಾದರೂ ಎತ್ತಿದರೇ, ಎಂಬುದು. ಫೋನ್ ಹಿಡಿದಿದ್ದ ಎರಡು ಕೈ ಖಾಲಿ ಇರಲಿಲ್ಲವಲ್ಲ.

ಸಂತ ಫಿಲಿಪ್ ನೇರಿಯವರ ಹೆಸರಿನಲ್ಲಿ ಹೇಳುವ ಕಥೆ ನಿಮಗೆಲ್ಲಾ ಗೊತ್ತು. ಚಾಡಿ ಹೇಳಿದ್ದಕ್ಕೆ ಪಾಪನಿವೇದನೆ ಮಾಡಿದ ಹೆಂಗಸಿಗೆ, ಕೋಳಿಯ ಪುಕ್ಕ ಕೀಳುತ್ತಾ ಬೀದಿಯಲ್ಲಿ ಹೋಗು ಎಂದರು. ಆಮೇಲೆ, ಈಗ ಅವನ್ನೆಲ್ಲಾ ಆರಿಸಿ ತಾ ಎಂದರು. ಈಗಿನ ಹುಡುಗರು "ಡಿಲೀಟ್ ಫಾರ್ ಎವ್ರಿಒನ್ ಐತಲ್ಲಾ ಅಣ್ಣಾ" ಅನ್ನುತ್ತಾರೆ. ನಮ್ಮ ಗುಂಪಿನಿಂದ ಅಳಿಸಬಹುದು. ಅಲ್ಲಿಂದ ಮುಂದಕ್ಕೆ ಹೋದ ಪ್ರತಿಗಳಿಗೆ ಆ ಗುಂಡಿ ಮುಟ್ಟುವುದಿಲ್ಲ. ಪುಕ್ಕ ಕಿತ್ತ ಕೋಳಿಯನ್ನು ಕೈಯಲ್ಲಿ ಹಿಡಿದು ನಿಂತಂತೆಯೇ.

ಗಡಿಯಲ್ಲಿರುವ ನಮಗೆ ಇನ್ನೊಂದು ಕಷ್ಟವೂ ಇದೆ, ಒಂದು ಅನುಕೂಲವೂ ಇದೆ. ನಮ್ಮ ಧರ್ಮಪ್ರಾಂತ್ಯದಲ್ಲಿ ಮರಾಠಿ, ಕೊಂಕಣಿ, ಇಂಗ್ಲಿಷ್, ಕನ್ನಡ ಎಲ್ಲಾ ಒಟ್ಟಿಗೆ ಇವೆ. ವಿಡಿಯೊದ ಧ್ವನಿ ಹಿಂದಿ, ಮೇಲೆ ಬರೆದದ್ದು ಮರಾಠಿ, ಕಳಿಸಿದವರು ಸೇರಿಸಿದ ಸಾಲು ಕನ್ನಡ. ಮೂರೂ ಬೇರೆ ಬೇರೆ ಹೇಳುತ್ತಿರುತ್ತವೆ. ತನಗೆ ಬಾರದ ಭಾಷೆಯ ಭಾಗವನ್ನು ಪ್ರತಿಯೊಬ್ಬರೂ ನಂಬಿಕೆಯಿಂದ ನುಂಗಿಬಿಡುತ್ತಾರೆ. ಅನುಕೂಲ ಏನೆಂದರೆ, ಕೇಳಲು ಪಕ್ಕದಲ್ಲೇ ಜನ ಇದ್ದಾರೆ. ಬಲಿಪೂಜೆ ಮುಗಿದ ಮೇಲೆ "ಮಾವಶಿ, ಇದರಾಗ ಮರಾಠಿ ಏನ್ ಬರದಾರ ಹೇಳ್ರಿ" ಅಂದರೆ ಸಾಕು. ಪಂಚಾಶತ್ತಮ ಹಬ್ಬದ ದಿನ ಜೆರುಸಲೇಮಿನಲ್ಲಿ ಪವಿತ್ರಾತ್ಮರು ಇಳಿದಾಗಲೂ ಹೀಗೇ, ಬೇರೆ ಬೇರೆ ಭಾಷೆಯವರು ಒಂದೇ ಅಂಗಳದಲ್ಲಿ ಸೇರಿದ್ದರು.

ಯಾವ ವಿಡಿಯೊವನ್ನೂ ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವುದಿಲ್ಲ. ಕಂಬಳದ ವಿಡಿಯೊ ಬಂದರೆ ನನಗೂ ಕಳಿಸಿ. ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಮೊದಲು ಏನಾಗಿತ್ತು, ಆಮೇಲೆ ಏನಾಯಿತು? ಉತ್ತರ ಗೊತ್ತಿಲ್ಲದಿದ್ದರೆ, ಮಾಲ್ಟಾದವರು ಕಾದಷ್ಟು ಹೊತ್ತು ಕಾಯಿರಿ. ಮಕ್ಕಳ ವಿಷಯ, ಪರಸ್ಥಳದವರ ವಿಷಯ ಆಗಿದ್ದರೆ ಗುಂಪಿಗೆ ಹಾಕದೆ 112ಕ್ಕೆ ಫೋನ್ ಮಾಡಿ, ಇಲ್ಲವೇ ಊರಿನ ಪೊಲೀಸ್ ಪಾಟೀಲರಿಗೆ ಹೇಳಿ.

ಈ ತಿಂಗಳ ಕೊನೆಯ ಭಾನುವಾರ ಬಲಿಪೂಜೆಯ ನಂತರ ಯುವಜನರ ಕೂಟ ಇದೆ. ಬರುವವರು ತಮ್ಮ ಫೋನಿಗೆ ಬಂದ, ಎರಡು ಬಾಣದ ಗುರುತಿರುವ ಒಂದು ವಿಡಿಯೊ ತನ್ನಿ. ಯಾವುದನ್ನಾದರೂ ಆರಿಸಿಕೊಂಡು ಅದರ ಮೊದಲನ್ನೂ ಕೊನೆಯನ್ನೂ ಕೂಡಿ ಹುಡುಕೋಣ. ಮರಾಠಿ ಗುಂಪಿನವರನ್ನೂ ಕರೆದಿದ್ದೇವೆ. ಹಿರಿಯರೂ ಬನ್ನಿ, ಹೆಚ್ಚು ವಿಡಿಯೊ ನಿಮ್ಮ ಹತ್ತಿರವೇ ಇವೆ. ಚಹಾ, ಚುರುಮುರಿ ಇರುತ್ತದೆ.